ಬೆಣ್ಣೆ ದೋಸೆ “ಬೆಣೆ ದೋಸೆ” ಆದ್ರೆ ತಪ್ಪು ಬ್ರೌಸರ್‌ದಲ್ಲ

1/6
ನಮ್ಮೂರ ಹೋಟೆಲ್ಲೊಂದರ ಮೆನು ಪೇಜ್ ಅಂದ್ಕೊಳ್ಳಿ. ಟೈಪ್ ಮಾಡಿದ್ದು “ಬೆಣ್ಣೆ ದೋಸೆ”. ಫೋನಲ್ಲಿ ತೆಗೆದ್ರೆ ಕೆಳಗಿನ ಒತ್ತು ಕತ್ತರಿಸಿ ಹೋಗಿ “ಬೆಣೆ ದೋಸೆ” ಅಂತ ಕಾಣುತ್ತೆ. ಬೆಣೆ ಅಂದ್ರೆ ಮರ ಸೀಳೋಕೆ ಹೊಡೆಯೋ ತುಂಡು! ಸೀರೆ ಅಂಗಡಿ ಪೇಜಲ್ಲಿ ಇದೇ ಆದ್ರೆ “ಮಗ್ಗ” ಹೋಗಿ “ಮಗ” ಆಗುತ್ತೆ. ನಗು ಬರುತ್ತೆ, ನಿಜ. ಆದ್ರೆ ಅದೇ ಕತ್ತರಿ ಅರ್ಜಿ ಫಾರ್ಮಲ್ಲಿ ಒಬ್ಬರ ಹೆಸರಿನ ಮೇಲೆ ಬಿದ್ರೆ ನಗು ಬರಲ್ಲ.

ಆಗ ಎಲ್ಲರೂ ಹೇಳೋದು ಒಂದೇ ಮಾತು: “ಬ್ರೌಸರ್‌ಗೆ ಕನ್ನಡ ಸರಿಯಾಗಿ ಬರಲ್ಲ ಬಿಡು.” ನಾನು ಇದನ್ನ ಒಪ್ಪಲ್ಲ. ಬ್ರೌಸರ್‌ಗೆ ಕನ್ನಡ ಬರುತ್ತೆ. ಪೇಜ್ ಕಟ್ಟೋ ನಾವೇ ಇಂಗ್ಲಿಷ್ ಅಳತೆಗೆ ಪೆಟ್ಟಿಗೆ ಮಾಡಿ, ಕನ್ನಡನ ಅದರೊಳಗೆ ತುರುಕ್ತಿದ್ದೀವಿ. ಹೇಗೆ ಅಂತ ನೋಡೋಣ.

2/6
ಪೇಜನ್ನ ಪರದೆ ಮೇಲೆ ಜೋಡಿಸೋ ಯಂತ್ರಕ್ಕೆ ಬ್ರೌಸರ್ ಎಂಜಿನ್ ಅಂತಾರೆ. ಕ್ರೋಮ್‌ಗೆ ಬ್ಲಿಂಕ್, ಫೈರ್‌ಫಾಕ್ಸ್‌ಗೆ ಗೆಕ್ಕೊ, ಸಫಾರಿಗೆ ವೆಬ್‌ಕಿಟ್. ಬ್ಲಿಂಕ್ 2013ರಲ್ಲಿ ವೆಬ್‌ಕಿಟ್‌ನಿಂದಲೇ ಕವಲೊಡೆದದ್ದು.

ಕೆಲಸದ ಕ್ರಮ ಸರಳ. ಮೊದಲು ಎಚ್‌ಟಿಎಂಎಲ್ ಓದಿ ಒಂದು ಮರ ಕಟ್ಟುತ್ತೆ: ಯಾವುದರೊಳಗೆ ಯಾವುದು ಅಂತ. ಆಮೇಲೆ ಸಿಎಸ್‌ಎಸ್ ನೋಡಿ ಪ್ರತಿ ಕೊಂಬೆಗೂ ಬಣ್ಣ, ಗಾತ್ರ, ಅಂತರ ನಿಗದಿ ಮಾಡುತ್ತೆ. ಕಾಣಬೇಕಾದ ಪ್ರತಿಯೊಂದಕ್ಕೂ ಒಂದು ಪೆಟ್ಟಿಗೆ. “ಡಿಸ್‌ಪ್ಲೇ ನನ್” ಅಂದದ್ದಕ್ಕೆ ಪೆಟ್ಟಿಗೆಯೇ ಇಲ್ಲ. ನಂತರ ಯಾವ ಪೆಟ್ಟಿಗೆ ಎಲ್ಲಿ, ಎಷ್ಟು ದೊಡ್ಡದು ಅಂತ ಲೆಕ್ಕ ಹಾಕುತ್ತೆ. ಇದೇ ಲೇಔಟ್. ಬಣ್ಣ ಬಳಿಯೋದು ಕೊನೆಗೆ.

ಈ ಲೆಕ್ಕ ಅರ್ಥ ಆಗಬೇಕು ಅಂದ್ರೆ ಮಂಡಿಪೇಟೆಯಂಥ ಹಳೇ ಪೇಟೆ ಬೀದಿ ನೆನೆಸ್ಕೊಳ್ಳಿ. ಅಂಗಡಿ ಅಗಲ ನಿಮ್ಮ ಕೈಲಿಲ್ಲ. ಎಡಕ್ಕೊಂದು ಗೋಡೆ, ಬಲಕ್ಕೊಂದು ಗೋಡೆ, ಅಷ್ಟೇ. ಸಾಮಾನು ಜಾಸ್ತಿ ಆಯ್ತು ಅಂದ್ರೆ ಮೇಲೊಂದು ಅಂತಸ್ತು ಎಬ್ಬಿಸ್ತೀರಿ. ಸಾಮಾನ್ಯ ಪೇಜಲ್ಲೂ ಹಾಗೇ: ಅಗಲನ ಹೊರಗಿನ ಪೆಟ್ಟಿಗೆ ಒಳಗಿನದಕ್ಕೆ ಹೇಳುತ್ತೆ, ಎತ್ತರನ ಒಳಗಿನ ಸಾಮಾನು ಹೊರಗಿನದಕ್ಕೆ ಹೇಳುತ್ತೆ. ಅಂದ್ರೆ ಎಂಜಿನ್ ತಾನಾಗೇ ಎತ್ತರ ಕೊಡೋಕೆ ತಯಾರಿದೆ. “ಹೈಟ್ 20 ಪಿಕ್ಸೆಲ್, ಮಿಕ್ಕಿದ್ದು ಮುಚ್ಚು” ಅಂತ ಬರೆಯೋರು ನಾವು. ಒತ್ತನ್ನ ಕತ್ತರಿಸೋದು ಆ ಒಂದು ಸಾಲು.

3/6
“ಹಾಗಾದ್ರೆ ಇಂಗ್ಲಿಷ್‌ಗೆ ಯಾಕೆ ಏನೂ ಆಗಲ್ಲ?” ಅಂತ ಕೇಳ್ತೀರಿ. ಇಂಗ್ಲಿಷ್ ಅಕ್ಷರ ಒಂದರ ಪಕ್ಕ ಒಂದು ನಿಲ್ಲುತ್ತೆ, ಕೆಲವಕ್ಕೆ ಮಾತ್ರ ಚಿಕ್ಕ ಬಾಲ. ನಮ್ಮದು ಕೆಳಗೂ ಇಳಿಯುತ್ತೆ, ಮೇಲೂ ಏರುತ್ತೆ.

“ಬೆಣ್ಣೆ” ಕಣ್ಣಿಗೆ 2 ಅಕ್ಷರ. ಯೂನಿಕೋಡ್‌ನಲ್ಲಿ 6 ಸಂಕೇತ: ಬ, ಎತ್ವ, ಣ, ಹಲಂತ, ಣ, ಎತ್ವ. ಕೊನೆಯ ಎತ್ವ ಬರೋದು ಎರಡನೇ ಣ ಆದಮೇಲೆ, ಆದ್ರೆ ಕೂರೋದು ಮೊದಲ ಣ ತಲೆ ಮೇಲೆ. “ಸೂರ್ಯ” ಬರೆಯೋವಾಗ ರ ಮೊದಲು, ಕಾಣೋದು ಯ ಆದಮೇಲೆ ಅರ್ಕಾವತ್ತಾಗಿ. ಫಾಂಟ್‌ನೊಳಗಿನ ನಿಯಮ ಓದಿ ಇದನ್ನೆಲ್ಲ ಜೋಡಿಸೋಕೆ ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಹಾರ್ಫ್‌ಬಝ್ ಅನ್ನೋ ಮುಕ್ತ ತಂತ್ರಾಂಶ ಇದೆ. ಅಕ್ಷರ ಜೋಡಿಸಿ ಆದಮೇಲೇ ಪದದ ಅಗಲ ಎಂಜಿನ್‌ಗೆ ಗೊತ್ತಾಗೋದು.

ಇಷ್ಟು ಕಷ್ಟದ ಕೆಲಸ ಅದು ಮಾಡಿ ಮುಗಿಸಿರುತ್ತೆ. ನಾವು ಹೋಗಿ “ಮೊದಲ 4 ಮಾತ್ರ ತೋರಿಸು” ಅಂತ ಜಾವಾಸ್ಕ್ರಿಪ್ಟ್ ಬರೀತೀವಿ. “ಬೆಣ್ಣೆ” ಆಗ “ಬೆಣ್” ಆಗಿ ನಿಲ್ಲುತ್ತೆ. ತಪ್ಪು ಯಾರದು, ನೀವೇ ಹೇಳಿ.

4/6
ಎಂಜಿನ್ ಬಗ್ಗೆ ನನ್ನ ತಕರಾರೇ ಇಲ್ಲ ಅಂತಲ್ಲ. ಒಂದಿದೆ: ಸಾಲು ಮುರಿಯೋದು.

ಕನ್ನಡದ ಸಾಲನ್ನ ಎಂಜಿನ್ ಸಾಮಾನ್ಯವಾಗಿ ಮುರಿಯೋದು ಪದಗಳ ನಡುವಿನ ಖಾಲಿ ಜಾಗದಲ್ಲಿ. ನಾವೋ ಪದಕ್ಕೆ ಪ್ರತ್ಯಯ ಅಂಟಿಸ್ತಾ ಹೋಗೋರು. “ದಾವಣಗೆರೆಯಲ್ಲಿರುವವರಿಗೆಲ್ಲ” ಒಂದೇ ಪದ, 13 ಅಕ್ಷರ. ಚಿಕ್ಕ ಫೋನಲ್ಲಿ ದೊಡ್ಡ ಹೆಡಿಂಗ್ ಆಗಿ ಹಾಕಿದ್ರೆ ಪರದೆ ದಾಟಿ ಹೊರಗೆ ಹೋಗುತ್ತೆ.

ಪಕ್ಕದ ಹರಿಹರದಲ್ಲಿ ಹರಿಹರೇಶ್ವರ ದೇವಸ್ಥಾನ ಇದೆ, 13ನೇ ಶತಮಾನದ ಹೊಯ್ಸಳರ ಕಾಲದ್ದು. ಅಲ್ಲಿರೋ ಶಾಸನಗಳನ್ನ ಒಮ್ಮೆ ಹತ್ತಿರದಿಂದ ನೋಡಿ. ಹಳೇ ಶಾಸನಗಳಲ್ಲಿ ಪದಗಳ ನಡುವೆ ಜಾಗ ಬಿಡೋ ರೂಢಿ ಇರಲಿಲ್ಲ. ಕಲ್ಲಿನ ಅಂಚು ಬಂತು ಅಂದ್ರೆ ಪದದ ಮಧ್ಯದಲ್ಲೇ ಮುಂದಿನ ಸಾಲಿಗೆ ಹೋಗೋರು. ಬ್ರೌಸರ್‌ಗೂ ಅದನ್ನ ಹೇಳಬಹುದು: “ಓವರ್‌ಫ್ಲೋ-ರ್‍ಯಾಪ್” ಅಂತೊಂದು ಸೂಚನೆ ಇದೆ. ಪೇಜ್ ಕನ್ನಡದ್ದು ಅಂತ ಎಚ್‌ಟಿಎಂಎಲ್‌ನ “ಲ್ಯಾಂಗ್” ಜಾಗದಲ್ಲಿ “ಕೆಎನ್” ಬರೆದು, “ಹೈಫನ್ಸ್ ಆಟೋ” ಅಂದ್ರೆ, ಕನ್ನಡದ ಪದ ಒಡೆಯೋ ಪಟ್ಟಿ ಇರೋ ಬ್ರೌಸರ್ ಇನ್ನೂ ಚಂದ ಮಾಡುತ್ತೆ. ಆ ಪಟ್ಟಿ ಎಲ್ಲಾ ಬ್ರೌಸರ್‌ನಲ್ಲೂ ಇರಬೇಕು ಅಂತ ನಾವು ಕೇಳಲೇಬೇಕು. ಆದ್ರೆ “ಲ್ಯಾಂಗ್” ಜಾಗದಲ್ಲಿ ಇಂಗ್ಲಿಷ್ ಅಂತಲೇ ಬಿಟ್ಟು ಕನ್ನಡ ತುಂಬೋರಿಗೆ ಕೇಳೋ ಹಕ್ಕು ಎಲ್ಲಿಂದ ಬರುತ್ತೆ?

5/6
ಒಂದು ಕಾಲದಲ್ಲಿ ನೆಪ ಇತ್ತು. 1998ರಲ್ಲಿ ಶೇಷಾದ್ರಿ ವಾಸು ಅವರ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಕಂಪ್ಯೂಟರಲ್ಲಿ ಕನ್ನಡ ಬೆಳೆದದ್ದೇ ಇವುಗಳಿಂದ, ಅದನ್ನ ಮರೆಯೋ ಹಾಗಿಲ್ಲ. ಆದ್ರೆ ಆಗಿನ ಫಾಂಟ್‌ಗಳಲ್ಲಿ ಒಳಗಿನ ಸಂಕೇತ ಇಂಗ್ಲಿಷ್ ಅಕ್ಷರದ್ದು, ಮೇಲಿನ ಚಿತ್ರ ಮಾತ್ರ ಕನ್ನಡದ್ದು. ಆ ಫಾಂಟ್ ಇಲ್ಲದ ಕಡೆ ತೆಗೆದ್ರೆ ಗೀಚಿದ ಹಾಗೆ ಕಾಣೋದು. ಇದು ಕನ್ನಡ ಅಂತ ಎಂಜಿನ್‌ಗೆ ಗೊತ್ತಾಗೋ ದಾರಿಯೇ ಇರಲಿಲ್ಲ. ಯೂನಿಕೋಡ್ ಬಳಕೆಗೆ ಬಂದಮೇಲೆ ಆ ನೆಪ ಮುಗೀತು.

ಇನ್ನು ಕೆಲವರು “ಕನ್ನಡ ಹಾಳಾಗುತ್ತೆ, ಅದಕ್ಕೇ ಚಿತ್ರ ಮಾಡಿ ಹಾಕ್ತೀವಿ” ಅಂತಾರೆ. ಚಿತ್ರದೊಳಗಿನ ಮಾತನ್ನ ಕಾಪಿ ಮಾಡೋಕೆ ಆಗಲ್ಲ. ದೊಡ್ಡದು ಮಾಡಿದ್ರೆ ಸಾಲು ಮತ್ತೆ ಜೋಡಣೆ ಆಗಲ್ಲ, ಮಸುಕಾಗುತ್ತೆ. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ, ಪಕ್ಕದಲ್ಲಿ ವಿವರಣೆ ಬರೆಯದಿದ್ರೆ, ಅದು ಬರೀ ಗೋಡೆ. ಅಳತೆ ಸರಿ ಮಾಡೋ ಸೋಮಾರಿತನಕ್ಕೆ ಓದೋರನ್ನೇ ಹೊರಗಿಟ್ಟ ಹಾಗಾಯ್ತು.

6/6
ಈ ಸಲ ಪ್ರಾಜೆಕ್ಟ್‌ಗೆ ಅಂಗಡಿ ಪೇಜ್, ಕಾಲೇಜ್ ಫೆಸ್ಟ್ ಪೇಜ್ ಮಾಡೋರೆಲ್ಲ ಇಷ್ಟು ಮಾಡಿ:

• ಹೈಟ್ ಕಟ್ಟಿಹಾಕಬೇಡಿ. ಬೇಕೇ ಬೇಕು ಅಂದ್ರೆ ಮಿನ್-ಹೈಟ್ ಕೊಡಿ.
• ಲೈನ್-ಹೈಟ್ ಧಾರಾಳವಾಗಿ ಬಿಡಿ. ವೆಬ್ ಎಲ್ಲರಿಗೂ ಎಟುಕಬೇಕು ಅಂತ ಮಾಡಿರೋ ಡಬ್ಲ್ಯುಸಿಎಜಿ 2.1 ಸೂತ್ರಗಳಲ್ಲೂ (2018) ಇದೆ: ಓದೋರು ಸಾಲಿನ ಎತ್ತರನ ಅಕ್ಷರದ 1.5 ಪಟ್ಟು ಮಾಡ್ಕೊಂಡ್ರೂ ಏನೂ ಮುಚ್ಚಿಹೋಗಬಾರದು.
• ಕನ್ನಡ ಇರೋ ಫಾಂಟನ್ನೇ ಹೆಸರಿಸಿ. ಇಲ್ಲಾಂದ್ರೆ ಎಂಜಿನ್ ಫೋನಲ್ಲಿ ಸಿಕ್ಕಿದ್ದನ್ನ ಹುಡುಕಿ ತರುತ್ತೆ, ಒಂದೊಂದು ಫೋನಲ್ಲಿ ಒಂದೊಂದು ಅಳತೆ.
• ಪದ ಮೊಟಕು ಮಾಡೋ ಕೆಲಸ ಸಿಎಸ್‌ಎಸ್‌ಗೆ ಬಿಡಿ. ಸಂಕೇತ ಎಣಿಸಿ ಕತ್ತರಿಸಬೇಡಿ.
• ಡಿಸೈನ್ ಮಾಡೋವಾಗಲೇ ಕನ್ನಡ ಹಾಕಿ ನೋಡಿ. ಇಂಗ್ಲಿಷಲ್ಲಿ ಮುಗಿಸಿ ಕೊನೇ ದಿನ ಅನುವಾದ ಸುರಿಯಬೇಡಿ.

ಕೊನೇದೇ ಮುಖ್ಯ. ಯಾವ ಭಾಷೆ ಹಾಕಿ ಮೊದಲು ಪರೀಕ್ಷೆ ಮಾಡ್ತೀವೋ ಪೆಟ್ಟಿಗೆ ಆ ಭಾಷೆ ಅಳತೆಗೆ ಆಗುತ್ತೆ. ನಮ್ಮ ಪೇಜ್ ಓದೋರು ಇಲ್ಲಿಯವರು. ಅವರ ಅಕ್ಷರಕ್ಕೆ ಜಾಗ ಕೊಡೋಕೆ ಎಂಜಿನ್ ಯಾವತ್ತೂ ಇಲ್ಲ ಅಂದಿಲ್ಲ.

ನೀವು ಮಾಡಿದ ಪೇಜಲ್ಲಿ ಈಗಲೇ “ಸ್ತ್ರೀ”, “ರಾಷ್ಟ್ರ”, “ಬೆಣ್ಣೆ” ಹಾಕಿ ನೋಡಿ. ಒತ್ತು ಪೂರ್ತಿ ಕಾಣ್ತಾ? ಕಾಮೆಂಟಲ್ಲಿ ಹೇಳಿ.

#ಕನ್ನಡ #ದಾವಣಗೆರೆ #ಮಂಡಿಪೇಟೆ #ಹರಿಹರ #ವೆಬ್‌ಡಿಸೈನ್ #ಕನ್ನಡದಲ್ಲಿಟೆಕ್