ಜೈಲಿಗೆ ಹೋಗಿಬರುವವಳು

ನಮ್ಮ ತುರುವೇಕೆರೆ ಸೀಮೆಯಲ್ಲಿ ಜೈಲಿಗೆ ಹೋದವನಿಗಿಂತ, ಅವನನ್ನು ನೋಡಲು ಜೈಲಿಗೆ ಹೋಗಿಬರುವವಳ ಮೇಲೆಯೇ ಜನರಿಗೆ ಹೆಚ್ಚು ಸಿಟ್ಟು. ಹೋದವನು ಕಣ್ಣಿಗೆ ಬೀಳುವುದಿಲ್ಲ, ಹೋಗಿಬರುವವಳು ಬೀಳುತ್ತಾಳೆ. ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗು ಹಿಡಿದು ನಿಂತಾಗ ಬೀಳುತ್ತಾಳೆ, ಅರಿಶಿನ ಕುಂಕುಮಕ್ಕೆ ಬಂದು ಮೂಲೆಯಲ್ಲಿ ಕುಳಿತಾಗ ಬೀಳುತ್ತಾಳೆ. ಹಾಗಾಗಿ ನ್ಯಾಯಾಧೀಶರು ಇನ್ನೂ ವಿಧಿಸದ ಶಿಕ್ಷೆಯನ್ನು ನಾವು ಅವಳಿಗೆ ಮುಂಗಡವಾಗಿಯೇ ವಿಧಿಸಿಬಿಡುತ್ತೇವೆ.

ಇದನ್ನು ನಾನು ಕೇಳಿ ಹೇಳುತ್ತಿಲ್ಲ. ಬದುವಿನ ಮೇಲಿನ ನಾಲ್ಕು ತೆಂಗಿನ ಮರಗಳ ಜಗಳದಲ್ಲಿ ಕೈಮಾಡಿದನೆಂದು ನನ್ನ ತಮ್ಮ ಹದಿನಾಲ್ಕು ತಿಂಗಳು ವಿಚಾರಣಾಧೀನ ಖೈದಿಯಾಗಿದ್ದ. ಈಗ ಜಾಮೀನಿನ ಮೇಲಿದ್ದಾನೆ, ಮೊಕದ್ದಮೆ ಇನ್ನೂ ನಡೆಯುತ್ತಿದೆ. ತಪ್ಪೋ ಸರಿಯೋ ನ್ಯಾಯಾಲಯ ಹೇಳಲಿ. ಆ ಹದಿನಾಲ್ಕು ತಿಂಗಳು ನಾನೂ ನನ್ನ ನಾದಿನಿಯೂ ಸರದಿಯ ಮೇಲೆ ಹೋಗಿಬಂದೆವು. “ಟೀಚರಮ್ಮನೇ ಜೈಲಿಗೆ ಅಲೆದರೆ ಮಕ್ಕಳಿಗೇನು ಪಾಠ ಹೇಳ್ತಾರೆ?” ಎಂದು ಹಿಂದಿನಿಂದ ಆಡಿಕೊಂಡವರಿದ್ದರು. “ಅಕ್ಕಾ, ನಿಮ್ಮ ಮಗಳಿಗೆ ಗಂಡು ನೋಡ್ತಿದೀರಿ, ಸ್ವಲ್ಪ ದಿನ ಆ ಕಡೆ ಹೋಗಬೇಡಿ” ಎಂದು ಮುಂದೆಯೇ ಬುದ್ಧಿ ಹೇಳಿದವರೂ ಇದ್ದರು.

ಏನು ಪಾಠ ಹೇಳುತ್ತೇನೆ? ನಾವೆಲ್ಲ ಶಾಲೆಯಲ್ಲಿ ಹೇಳುವ ಪಾಠವನ್ನೇ. ಜವಾಹರಲಾಲ್ ನೆಹರೂ 1930ರಿಂದ 1933ರವರೆಗೆ ಹೆಚ್ಚಿನ ದಿನಗಳನ್ನು ಸೆರೆಮನೆಯಲ್ಲಿ ಕಳೆದು, ಅಲ್ಲಿಂದ ಮಗಳು ಇಂದಿರೆಗೆ ಬರೆದ ಕಾಗದಗಳೇ ದೊಡ್ಡ ಪುಸ್ತಕವಾದವು. ಜೈಲಿನಲ್ಲಿದ್ದ ತಂದೆಗೂ ಹೊರಗಿದ್ದ ಮಗಳಿಗೂ ನಡುವೆ ಕಾಗದ ಓಡಾಡಿದ್ದನ್ನು ನಾವು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ಅದೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತ ಹುಡುಗಿಯ ಅಪ್ಪ ಜೈಲಿನಲ್ಲಿದ್ದರೆ, ಆಕೆ ಕಾಗದ ಬರೆಯುತ್ತಾಳೆಯೇ ಎಂದು ಯಾರಾದರೂ ಕೇಳಿದ್ದೇವೆಯೇ? “ಅಪ್ಪ ಬೆಂಗಳೂರಲ್ಲಿ ಕೆಲಸಕ್ಕಿದ್ದಾರೆ” ಎಂದು ಸುಳ್ಳು ಹೇಳಲು ಕಲಿಸುತ್ತೇವೆ. ಆ ಸುಳ್ಳಿನ ಭಾರ ಹೊರುವುದು ಮಗು.

“ಅವರು ದೇಶಕ್ಕಾಗಿ ಹೋದವರು, ಇವನು ಹೊಡೆದಾಡಿ ಹೋದವನು” ಎನ್ನುತ್ತೀರಿ. ಒಪ್ಪಿದೆ. ಆದರೆ ಕಾಯುವ ಮಗಳಿಗೆ ಇಬ್ಬರೂ ಅಪ್ಪಂದಿರೇ. ತುರ್ತುಪರಿಸ್ಥಿತಿಯ ಕಾಲದಲ್ಲಿ ಮಧು ದಂಡವತೆಯವರು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿದ್ದರು, ಅವರ ಪತ್ನಿ ಪ್ರಮೀಳಾ ದಂಡವತೆ ಪುಣೆಯ ಯರವಾಡ ಜೈಲಿನಲ್ಲಿದ್ದರು. ಜೈಲಿನಿಂದ ಜೈಲಿಗೆ ಕಾಗದ ಬರೆದುಕೊಂಡು ಸಂಸಾರ ಉಳಿಸಿಕೊಂಡರು. ಅದೇ ಬೆಂಗಳೂರು ಜೈಲಿನಲ್ಲಿ, ‘ಸಂಸ್ಕಾರ’ ಚಿತ್ರದಲ್ಲಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಿನಿಂದ ವಿಚಾರಣೆಯಿಲ್ಲದೆ ಇಟ್ಟಿದ್ದರು. ಆಸ್ತಮಾ ರೋಗಿ. ಪೆರೋಲ್ ಸಿಕ್ಕಿದ್ದು 1977ರ ಜನವರಿ 15ರಂದು, ತೀರಿಕೊಂಡದ್ದು ಅದೇ ತಿಂಗಳ 20ರಂದು. ಹೆಸರಾಂತ ಕಲಾವಿದೆಗೇ ಹೀಗಾದರೆ, ಒಳಗೆ ಉಬ್ಬಸ ಬಂದಾಗ ಹೊರಗೆ ಕೂಗಿ ಹೇಳುವವರಿಲ್ಲದ ಹೆಂಗಸಿನ ಪಾಡೇನು? ಹೊರಗಿನಿಂದ ಹೋಗಿ ನೋಡುವವರಿರಬೇಕು ಎನ್ನುವುದು ಮಮತೆಯ ಮಾತು ಮಾತ್ರವಲ್ಲ, ಜೀವ ಉಳಿಸುವ ಮಾತು.

ಇನ್ನು “ಜೈಲಿನಲ್ಲಿರುವವನು” ಎಂದರೆ “ತಪ್ಪಿತಸ್ಥ” ಎಂದು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವಲ್ಲ, ಅದರ ಲೆಕ್ಕ ನೋಡಿ. ಕೇಂದ್ರ ಸರ್ಕಾರದ್ದೇ ಅಂಕಿಅಂಶದಂತೆ 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲೆ ತೀರ್ಪೇ ಆಗಿಲ್ಲ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯುತ್ತೇವೆ. ಆದರೆ ನಡುನಡುವೆ ಅಟ್ಟ ಹತ್ತಿ, ಕಾಯಿ ಅಲ್ಲಾಡಿಸಿ, ನೀರು ಇಂಗಿತೋ ಇಲ್ಲವೋ ಎಂದು ಕಿವಿಗಿಟ್ಟು ನೋಡುತ್ತೇವೆ. ಕಾಯಿಗೆ ತೋರಿಸುವ ಈ ಕಾಳಜಿಯನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ತೋರಿಸಿದರೆ ಮಾನ ಹೋಗುತ್ತದೆಯೇ?

“ಏಟು ತಿಂದವರ ಮನೆಯ ಕಣ್ಣೀರು ನಿಮಗೆ ಕಾಣುವುದಿಲ್ಲವೇ?” ಎಂಬ ಪ್ರಶ್ನೆ ನ್ಯಾಯವಾದದ್ದು. ಕಾಣುತ್ತದೆ. ಅವರ ಮನೆಯ ಮುಂದೆಯೇ ನಾನು ದಿನವೂ ಶಾಲೆಗೆ ಹೋಗುತ್ತೇನೆ. ಆದರೆ ನಾನು ಹೋಗಿ ಮಾತನಾಡಿಸಿ ಬಂದದ್ದರಿಂದ ತಮ್ಮನ ಶಿಕ್ಷೆಯಲ್ಲಿ ಒಂದು ದಿನವೂ ಕಡಿಮೆಯಾಗದು, ನಾನು ಹೋಗದೆ ಉಳಿದರೆ ಅವರ ಗಾಯ ಬೇಗ ಮಾಯದು. ಸಾಕ್ಷಿಗಳ ಮನೆಗೆ ಹೋಗಿ ಹೆದರಿಸುವುದು, ಒಳಗೆ ಗಾಂಜಾ, ಮೊಬೈಲು ದಾಟಿಸುವುದು, ಇವು ಬೆಂಬಲವಲ್ಲ, ಇನ್ನೊಂದು ಅಪರಾಧ. ಅದನ್ನು ಮಾಡುವವರ ಪರ ನಾನಿಲ್ಲ. ನಾನು ಹೇಳುತ್ತಿರುವುದು ಮುಖ ತೋರಿಸಿ, ಊಟ ಸೇರುತ್ತಿದೆಯೇ ಎಂದು ಕೇಳಿ, ಮುಂದಿನ ವಾಯಿದೆ ಯಾವತ್ತು ಎಂದು ತಿಳಿಸಿ, “ಹೊರಗೆ ಬಂದ ಮೇಲೆ ನೆಟ್ಟಗಿರಬೇಕು” ಎಂದು ಗದರಿಸಿ ಬರುವ ಕೆಲಸ. ಎಲ್ಲರೂ ಕೈಬಿಟ್ಟವನು ಬಿಡುಗಡೆಯಾದ ಮೇಲೆ ಯಾರ ಬಳಿಗೆ ಹೋಗುತ್ತಾನೆ? ಜೈಲಿನಲ್ಲಿ ಸಿಕ್ಕ ಗೆಳೆಯರ ಬಳಿಗೇ ತಾನೇ? ಆಮೇಲೆ ಊರಿಗೆ ಅಪಾಯ ಹೆಚ್ಚೋ ಕಡಿಮೆಯೋ, ನೀವೇ ಹೇಳಿ.

ಹೆಂಗಸರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಬಂಧಿಸಿದ ಸುದ್ದಿಯನ್ನು ಮನೆಯವರಿಗೆ ತಿಳಿಸಲೇಬೇಕು ಎಂದು ಸುಪ್ರೀಂ ಕೋರ್ಟು 1996ರ ಡಿ.ಕೆ. ಬಸು ಮೊಕದ್ದಮೆಯಲ್ಲಿ ಹೇಳಿದೆ. ಮನೆಯವರು, ಸ್ನೇಹಿತರು ಬಂದು ಕಾಣುವುದು ಖೈದಿಗೆ ದೊಡ್ಡ ಸಮಾಧಾನ ಎಂದು 1980ರ ಸುನಿಲ್ ಬಾತ್ರಾ ಮೊಕದ್ದಮೆಯಲ್ಲಿ ಹೇಳಿದೆ. ಆ ಮೊಕದ್ದಮೆ ಶುರುವಾದದ್ದೇ ಒಬ್ಬ ಖೈದಿ ಬರೆದ ಕಾಗದದಿಂದ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರಿಗೂ, ಬಂಧನದಲ್ಲಿರುವವರಿಗೂ ಉಚಿತವಾಗಿ ವಕೀಲರನ್ನು ಕೊಡಬೇಕು. ದೂರವಾಣಿ 15100. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯ 479ನೇ ಕಲಮಿನಂತೆ, ಮೊದಲ ಬಾರಿ ಆರೋಪಕ್ಕೆ ಸಿಕ್ಕವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಪಾಲು ವಿಚಾರಣೆಯಲ್ಲೇ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಬೇರೆ ಮೊಕದ್ದಮೆಗಳು ಬಾಕಿ ಇರುವವರಿಗೂ ಇದು ಸಲ್ಲದು. ತಿಂಗಳ ಲೆಕ್ಕ ಇಟ್ಟು ವಕೀಲರನ್ನು ಕೇಳುವವರು ಮನೆಯವರಲ್ಲದೆ ಇನ್ನಾರು?

ಜಾಮೀನು ಸಿಕ್ಕರೂ ಮುಗಿಯುವುದಿಲ್ಲ. ಪಹಣಿ ಹಿಡಿದು ಬಂದು ನಿಲ್ಲುವ ಜಾಮೀನುದಾರ ಬೇಕು. ಮದುವೆ, ಮುಂಜಿಗೆ ಮುಂದೆ ನಿಲ್ಲುವ ನೆಂಟರು ಪಹಣಿ ಎಂದೊಡನೆ ತೋಟದ ಕಡೆ ಹೊರಟುಬಿಡುತ್ತಾರೆ. 1978ರಲ್ಲಿ ಮೋತಿರಾಂ ಎಂಬ ಬಡ ಗಾರೆಯವನಿಗೆ ಹತ್ತು ಸಾವಿರ ರೂಪಾಯಿ ಜಾಮೀನು ಕೇಳಿ, ಜಾಮೀನುದಾರ ಬೇರೆ ಜಿಲ್ಲೆಯವನೆಂದು ತಳ್ಳಿಹಾಕಿದ್ದನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಖಂಡಿಸಿದರು. ಜಾಮೀನು ಸಿಕ್ಕ ಒಂದು ತಿಂಗಳಾದರೂ ಮುಚ್ಚಳಿಕೆ ಕೊಡಲಾಗದಿದ್ದರೆ, ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸಬಹುದು ಎಂದು 2023ರಲ್ಲೂ ಸುಪ್ರೀಂ ಕೋರ್ಟು ಹೇಳಿತು. ಕಾನೂನು ಇಷ್ಟು ಮೆತ್ತಗಾಗಿದೆ. ನಾವು ಮಾತ್ರ ಕರಟದಂತೆ ಗಟ್ಟಿಯಾಗಿದ್ದೇವೆ.

ಕೊನೆಗೆ ಒಂದು ಮಾತು, ಇದು ನಮ್ಮ ನಮ್ಮಲ್ಲೇ ಆಡಬೇಕಾದದ್ದು. ಜೈಲಿನ ಬಾಗಿಲ ಮುಂದಿನ ಸಾಲಿನಲ್ಲಿ ನಾನು ಕಂಡಂತೆ ಹೆಚ್ಚಿನವರು ತಾಯಂದಿರು, ಹೆಂಡಿರು, ಅಕ್ಕತಂಗಿಯರು. ಗಂಡ ಒಳಗಿದ್ದರೆ ಹೆಂಡತಿ ಹೋಗುತ್ತಾಳೆ. ಹೆಂಡತಿ ಒಳಗಿದ್ದರೆ? ತವರಿನವರು “ಕೊಟ್ಟ ಹೆಣ್ಣು” ಎನ್ನುತ್ತಾರೆ, ಗಂಡನ ಮನೆಯವರು “ಮನೆಗೆ ಕಳಂಕ ತಂದವಳು” ಎನ್ನುತ್ತಾರೆ. ಆರು ವರ್ಷದವರೆಗೆ ಮಗು ತಾಯಿಯ ಜೊತೆ ಜೈಲಿನಲ್ಲಿರಬಹುದು ಎಂದು 2006ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಏಳನೇ ವರ್ಷಕ್ಕೆ ಆ ಮಗುವನ್ನು ಯಾರ ಮನೆ ಒಳಗೆ ಕರೆಯುತ್ತದೆ?

ನಿಮ್ಮ ಬೀದಿಯಲ್ಲಿ ಇಂಥ ಮನೆಯೊಂದಿದ್ದರೆ ಪಹಣಿ ಕೊಡಿ ಎಂದು ನಾನು ಕೇಳುವುದಿಲ್ಲ, ಅದು ಎಲ್ಲರಿಂದಲೂ ಆಗುವ ಮಾತಲ್ಲ. ಆಕೆ ಜೈಲಿಗೆ ಹೋದ ದಿನ ಅವಳ ಮಕ್ಕಳಿಗೆ ಒಂದು ಹೊತ್ತು ಮುದ್ದೆ ಸಾರು ಹಾಕಿ. ಸಂಜೆ ತಿರುಗಿ ಬಂದಾಗ “ಹೇಗಿದ್ದಾನಮ್ಮ?” ಎಂದು ಬಾಯಿಬಿಟ್ಟು ಕೇಳಿ. ಅಷ್ಟೂ ಆಗದಿದ್ದರೆ, ಅವಳ ಮುಂದೆ ಬಾಗಿಲು ಹಾಕಿಕೊಳ್ಳುವುದನ್ನಾದರೂ ಬಿಡಿ.