ಕುಂಬಾರನಿಗೆ ವರುಷ, ಕಳ್ಳನಿಗೆ ನಿಮಿಷ

ಇಂಗ್ಲೆಂಡಿನ ನಾರ್ತಾಂಪ್ಟನ್‌ಷೈರ್ ಎಂಬ ಸೀಮೆಯಲ್ಲಿ ‘ಓಲ್ಡ್’ ಎಂಬ ಪುಟ್ಟ ಹಳ್ಳಿಯಿದೆ. 1865ರಲ್ಲಿ ಅಲ್ಲಿ ಒಂದು ಕುದುರೆ ಗಾಡಿಯೊಂದಿಗೆ ಸರಕು ಸಾಗಣೆಯ ವ್ಯಾಪಾರ ಆರಂಭವಾಯಿತು. ಹೆಸರು ‘ನೈಟ್ಸ್ ಆಫ್ ಓಲ್ಡ್’. ಗಾಡಿ ಹೋಗಿ ಲಾರಿ ಬಂತು, ಒಂದು ಲಾರಿ ಹೋಗಿ ಹತ್ತಾದವು. ಮುಂದೆ ಅದು ಕೆಎನ್‌ಪಿ ಎಂಬ ಸಮೂಹದ ಭಾಗವಾಗಿ, ಸುಮಾರು 500 ಲಾರಿಗಳು, 700ಕ್ಕೂ ಹೆಚ್ಚು ನೌಕರರು ಇರುವಷ್ಟು ಬೆಳೆಯಿತು. ಎರಡು ಮಹಾಯುದ್ಧಗಳನ್ನು ದಾಟಿ ಬಂದ ಈ ಸಂಸ್ಥೆ 2023ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಮುಚ್ಚಿತು. ಬೆಂಕಿ ಬಿದ್ದಿರಲಿಲ್ಲ, ಲಾರಿಗಳು ಕಳುವಾಗಿರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಯಾರೋ ಒಬ್ಬ ನೌಕರನ ಪಾಸ್‌ವರ್ಡನ್ನು ದುಷ್ಕರ್ಮಿಗಳು ಊಹಿಸಿ ಒಳಹೊಕ್ಕಿದ್ದರು, ಅಷ್ಟೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಕುಂಬಾರನಿಗೆ 158 ವರುಷ!

ಒಳಹೊಕ್ಕವರು ಏನು ಮಾಡಿದರು? ಸಂಸ್ಥೆಯ ಲೆಕ್ಕಪತ್ರಗಳಿಗೆಲ್ಲ ಬೀಗ ಜಡಿದರು. ಆಪತ್ಕಾಲಕ್ಕೆಂದು ತೆಗೆದಿಟ್ಟಿದ್ದ ಪ್ರತಿಗಳನ್ನೂ ನಾಶ ಮಾಡಿದರು. ಬೀಗದ ಕೈ ಬೇಕಿದ್ದರೆ ಹಣ ಕೊಡಿ ಎಂದರು. ಇಂಥ ವ್ಯವಹಾರ ಬಲ್ಲವರು ಆ ಮೊತ್ತ 50 ಲಕ್ಷ ಪೌಂಡ್‌ವರೆಗೆ ಹೋಗಬಹುದೆಂದು ಅಂದಾಜು ಮಾಡಿದರು. ಅಷ್ಟು ಹಣ ಸಂಸ್ಥೆಯ ಬಳಿ ಇರಲಿಲ್ಲ. ಲಾರಿಗಳು ನಿಂತಲ್ಲೇ ಇದ್ದವು. ಆದರೆ ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬ ಲೆಕ್ಕವೇ ಇಲ್ಲದ ಮೇಲೆ ವ್ಯಾಪಾರ ಎಲ್ಲಿಂದ ಬಂತು?

“ಅದು ದೊಡ್ಡವರ ಕಥೆ, ನಮ್ಮ ಕಿರಾಣಿ ಅಂಗಡಿಗೆ ಯಾರು ಬರುತ್ತಾರೆ?” ಎಂದು ನಿಮ್ಮ ತಂದೆಯವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಈ ಕಳ್ಳ ಮನೆ ನೋಡಿ ಹೊಂಚು ಹಾಕುವವನಲ್ಲ. ಆತನ ಪರವಾಗಿ ಒಂದು ತಂತ್ರಾಂಶ ಜಗತ್ತಿನ ಎಲ್ಲ ಬಾಗಿಲುಗಳನ್ನೂ ಹಗಲಿರುಳು ತಳ್ಳಿ ನೋಡುತ್ತಿರುತ್ತದೆ. ಚಿಲಕ ಹಾಕದ ಬಾಗಿಲು ತೆರೆದುಕೊಳ್ಳುತ್ತದೆ. ಅದು ಬ್ಯಾಂಕಿನದೋ ಬೀಡಾ ಅಂಗಡಿಯದೋ ಎಂಬುದು ಆಮೇಲಿನ ಮಾತು. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಪಿಡುಗು ಹಬ್ಬಿದಾಗ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಕೆಟ್ಟವು. ಬ್ರಿಟನ್ನಿನ ಆಸ್ಪತ್ರೆಗಳು ಮಾತ್ರವಲ್ಲ, ನಮ್ಮ ನೆರೆಯ ವಯನಾಡಿನ ಒಂದು ಗ್ರಾಮ ಪಂಚಾಯಿತಿ ಕಚೇರಿಯೂ ಅದಕ್ಕೆ ಸಿಕ್ಕಿತು. ಕೇಳಿದ್ದು ಪ್ರತಿ ಕಂಪ್ಯೂಟರಿಗೆ 300 ಡಾಲರ್. ಸಣ್ಣವರಿಂದ ಸಣ್ಣ ಮೊತ್ತ ಕೀಳುವುದೂ ಒಂದು ದಂಧೆಯೇ.

ಇದರ ಹಿಂದಿನ ವಿಜ್ಞಾನ ಸ್ವಾರಸ್ಯಕರವಾಗಿದೆ. ನೀವು ಮೊಬೈಲಿನಿಂದ ಹಣ ಕಳಿಸಿದಾಗ ಆ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದದಂತೆ ಗಣಿತದ ಸೂತ್ರವೊಂದು ಕಲಸುಮೇಲೋಗರ ಮಾಡುತ್ತದೆ. ಸರಿಯಾದ ಕೀಲಿ ಇದ್ದವರು ಮಾತ್ರ ಅದನ್ನು ಬಿಡಿಸಬಲ್ಲರು. ಇದೇ ಗೂಢಲಿಪಿ ವಿದ್ಯೆಯನ್ನು ಕಳ್ಳ ನಿಮ್ಮ ಕಡತಗಳ ಮೇಲೆ ಪ್ರಯೋಗಿಸಿ ಕೀಲಿಯನ್ನು ತಾನೇ ಇಟ್ಟುಕೊಳ್ಳುತ್ತಾನೆ. ಇದಕ್ಕೆ ‘ರ‍್ಯಾನ್ಸಮ್‌ವೇರ್’ ಅಥವಾ ಸುಲಿಗೆ ತಂತ್ರಾಂಶ ಎಂದು ಹೆಸರು. ಗೂಢಲಿಪಿಯನ್ನು ಸರಿಯಾಗಿ ಹೆಣೆದಿದ್ದರೆ ಯಾವ ಮೆಕ್ಯಾನಿಕ್ಕೂ ಅದನ್ನು ಬಿಡಿಸಲಾರ. ಹಣ ಕೊಟ್ಟರೂ ಕಳ್ಳ ಮಾತು ಉಳಿಸಿಕೊಳ್ಳುವನೆಂಬ ಭರವಸೆಯಿಲ್ಲ. ಆದ್ದರಿಂದ ಮದ್ದನ್ನು ರೋಗಕ್ಕೆ ಮೊದಲೇ ಹುಡುಕಬೇಕು.

ಮೊದಲನೆಯ ಮದ್ದು, ನಕಲು. ಹಿಂದಿನ ಕಾಲದ ಶೆಟ್ಟರು ದಿನವಹಿ ಪುಸ್ತಕದ ಜೊತೆಗೆ ಖಾತೆ ಪುಸ್ತಕವನ್ನೂ ಬರೆಯುತ್ತಿದ್ದರು. ಒಂದು ಹಾಳಾದರೆ ಇನ್ನೊಂದರಿಂದ ಬಹುಪಾಲು ಲೆಕ್ಕ ಹೊರಡುತ್ತಿತ್ತು. ಈಗ ಉದ್ರಿ ಲೆಕ್ಕ, ಜಿಎಸ್‌ಟಿ ಬಿಲ್ಲು, ಗಿರಾಕಿಗಳ ಫೋನ್ ನಂಬರು ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿವೆ. ತಜ್ಞರು ಹೇಳುವ ಸೂತ್ರ 3–2–1. ಅಂದರೆ ಮಾಹಿತಿಯ ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ಅಂಗಡಿಯ ಮಟ್ಟಿಗೆ ಹೇಳುವುದಾದರೆ, ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಮನೆಯ ಬೀರುವಿನಲ್ಲಿ ಇನ್ನೊಂದು. ಮುಖ್ಯವಾದ ಮಾತೆಂದರೆ, ನಕಲು ಮಾಡಿದ ಕೂಡಲೇ ಡಿಸ್ಕಿನ ತಂತಿಯನ್ನು ಕೀಳಬೇಕು. ಚುಚ್ಚಿಯೇ ಬಿಟ್ಟರೆ ಕಂಪ್ಯೂಟರಿಗೆ ಬಂದ ರೋಗ ಅದಕ್ಕೂ ಹತ್ತುತ್ತದೆ; ಕಳ್ಳ ಅದಕ್ಕೂ ಬೀಗ ಹಾಕುತ್ತಾನೆ. ತಂತಿ ಇಲ್ಲದ ಡಿಸ್ಕನ್ನು ದೂರದೇಶದ ಯಾವ ಕಳ್ಳನೂ ಮುಟ್ಟಲಾರ. ತಿಂಗಳಿಗೊಮ್ಮೆ ಆ ನಕಲಿನಿಂದ ಒಂದು ಬಿಲ್ಲನ್ನು ತೆರೆದು ನೋಡಿ. ತೆರೆದು ನೋಡದ ನಕಲು ಇದ್ದೂ ಇಲ್ಲದಂತೆ.

ಎರಡನೆಯದು ಪಾಸ್‌ವರ್ಡ್. ವಿದ್ಯಾರ್ಥಿ ಮಿತ್ರರೇ, ಇಲ್ಲೊಂದು ಲೆಕ್ಕ ಮಾಡೋಣ. ಇಂಗ್ಲಿಷಿನ 26 ಸಣ್ಣ ಅಕ್ಷರಗಳಲ್ಲಿ ಯಾವುದಾದರೂ 8ನ್ನು ಮನಬಂದಂತೆ ಜೋಡಿಸಿದರೆ 26ರ 8ನೇ ಘಾತ, ಅಂದರೆ ಸುಮಾರು 20,882 ಕೋಟಿ ಜೋಡಣೆಗಳಾಗುತ್ತವೆ. ಬಹಳವೆನಿಸಿತೇ? ಕಳ್ಳನ ಯಂತ್ರ ಸೆಕೆಂಡಿಗೆ 100 ಕೋಟಿ ಜೋಡಣೆಗಳನ್ನು ಪರೀಕ್ಷಿಸುತ್ತದೆ ಎಂದಿಟ್ಟುಕೊಂಡರೆ ಎಲ್ಲವನ್ನೂ ಮುಗಿಸಲು ಮೂರೂವರೆ ನಿಮಿಷ ಸಾಕು. 12 ಅಕ್ಷರಗಳಾದರೆ ಅದೇ ಯಂತ್ರಕ್ಕೆ ಸುಮಾರು 3 ವರ್ಷ ಬೇಕು. 16 ಆದರೆ ಸುಮಾರು 13 ಲಕ್ಷ 80 ಸಾವಿರ ವರ್ಷ! ಘಾತಾಂಕದ ಮಹಿಮೆ ಇದು. ಆದರೆ ಅಂಗಡಿಯ ಹೆಸರಿನ ಮುಂದೆ 123 ಎಂದು ಬರೆದರೆ ಈ ಗಣಿತವೆಲ್ಲ ವ್ಯರ್ಥ, ಏಕೆಂದರೆ ಕಳ್ಳ ಅಂಥವನ್ನೇ ಮೊದಲು ಪ್ರಯತ್ನಿಸುತ್ತಾನೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಸೇರಿಸಿ. ಹುಣಸೆ, ಸೈಕಲ್, ಮೋಡ, ಜಗಲಿ ಎಂಬ ಹಾಗೆ. (ಇದನ್ನೇ ಇಟ್ಟುಕೊಳ್ಳಬೇಡಿ, ಪತ್ರಿಕೆಯನ್ನು ಎಲ್ಲರೂ ಓದುತ್ತಾರೆ!) ಒಂದು ಪಾಸ್‌ವರ್ಡನ್ನು ಹತ್ತು ಕಡೆ ಬಳಸಬೇಡಿ. ಇಮೇಲ್‌ಗೂ ಬ್ಯಾಂಕಿಗೂ ಮೊಬೈಲಿನ ದೃಢೀಕರಣ ಎಂಬ ಎರಡನೆಯ ಬೀಗವನ್ನೂ ಹಾಕಿ. ಆಗ ಪಾಸ್‌ವರ್ಡ್ ಕದ್ದವನು ಹೊಸಿಲಿನಲ್ಲೇ ನಿಲ್ಲುತ್ತಾನೆ.

ಮೂರನೆಯದು ತೇಪೆ. ತಂತ್ರಾಂಶದಲ್ಲಿ ತೂತು ಕಂಡಾಗ ಅದನ್ನು ಮಾಡಿದವರು ತೇಪೆ ಕಳಿಸುತ್ತಾರೆ. ‘ಅಪ್‌ಡೇಟ್’ ಎಂದು ಪರದೆಯ ಮೇಲೆ ಬರುವುದು ಅದೇ. ವನ್ನಾಕ್ರೈ ನುಗ್ಗಿದ ತೂತಿಗೆ ಮೈಕ್ರೊಸಾಫ್ಟ್ ಸಂಸ್ಥೆ 2017ರ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಸುಮಾರು ಎರಡು ತಿಂಗಳು ಕಳೆದರೂ ಹಚ್ಚಿಕೊಳ್ಳದವರೇ ಬಹುತೇಕ ಬಲಿಯಾದರು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಆಮೇಲೆ ಎಲ್ಲರೂ ಹಚ್ಚಿದರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಅಂಗಡಿಯ ಕಂಪ್ಯೂಟರು ಯಾವುದೆಂದು ನೋಡಿ.

ಇಲ್ಲಿ ಮಕ್ಕಳಿಗೆ ಒಂದು ಕಿವಿಮಾತು. ರಾತ್ರಿ ಅಂಗಡಿಯ ಕಂಪ್ಯೂಟರಿನಲ್ಲಿ ಆಟವಾಡುವವರು, ಹಣ ಕೊಡಬೇಕಾದ ತಂತ್ರಾಂಶವನ್ನು ಪುಕ್ಕಟೆ ಇಳಿಸಿಕೊಳ್ಳುವವರು ಹೆಚ್ಚಾಗಿ ನೀವೇ. ಆ ಪುಕ್ಕಟೆ ಕಡತದೊಳಗೆ ಕಳ್ಳ ಕೂತಿರುವುದುಂಟು. ಅಪ್ಪನ ಲೆಕ್ಕ ಇರುವ ಯಂತ್ರದಲ್ಲಿ ಲೆಕ್ಕ ಮಾತ್ರ ಇರಲಿ.

ನಾಲ್ಕನೆಯದಕ್ಕೆ ಯಂತ್ರವೇ ಬೇಡ, ವಿವೇಕ ಸಾಕು. ಸರಕು ಕಳಿಸುವ ವರ್ತಕರಿಂದ “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಣ ಹಾಕಿ” ಎಂಬ ಸಂದೇಶ ಬಂದರೆ, ಆ ಸಂದೇಶದಲ್ಲಿರುವ ನಂಬರಿಗಲ್ಲ, ನಿಮ್ಮ ಹಳೆಯ ಪುಸ್ತಕದಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಹಾಕಬೇಕಾಗಿಲ್ಲ. ಹಾಕಿ ಎಂದವನು ವಂಚಕ. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ. ಸರ್ಕಾರದ ಈ ಸಹಾಯವಾಣಿಗೆ ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ನಾಚಿಕೆಯಿಂದ ಸುಮ್ಮನಿದ್ದರೆ ಅದು ಕಳ್ಳನಿಗೇ ಲಾಭ.

ನಾಚಿಕೆ ಎಂದಾಗ ಕೆಎನ್‌ಪಿಯ ಆ ನೌಕರನ ನೆನಪಾಗುತ್ತದೆ. ಆತನ ಪಾಸ್‌ವರ್ಡಿನಿಂದಲೇ ಇಷ್ಟೆಲ್ಲ ಆಯಿತೆಂದು ತಾನು ಆತನಿಗೆ ಹೇಳಿಲ್ಲ ಎಂದು ಸಂಸ್ಥೆಯ ನಿರ್ದೇಶಕರಾಗಿದ್ದ ಪಾಲ್ ಅಬ್ಬಾಟ್ 2025ರಲ್ಲಿ ಬಿಬಿಸಿಗೆ ತಿಳಿಸಿದರು. ಒಬ್ಬನ ದುರ್ಬಲ ಪಾಸ್‌ವರ್ಡಿಗೆ ಇಡೀ ಸಂಸ್ಥೆ ಉರುಳುವಂತಿದ್ದರೆ ದೋಷ ಆ ಒಬ್ಬನದಷ್ಟೇ ಅಲ್ಲವಲ್ಲ. ಅಂಗಡಿಯ ಹುಡುಗ ತಪ್ಪಾಗಿ ಯಾವುದೋ ಕೊಂಡಿ ಒತ್ತಿ ಬಂದು ಹೇಳಿದರೆ ಪೋಷಕರು ಗದರಬಾರದು. ಗದರಿದರೆ ಮುಂದಿನ ಸಲ ಆತ ಹೇಳುವುದಿಲ್ಲ. ಆಗ ಕಂಪ್ಯೂಟರಿನ ಇಂಟರ್ನೆಟ್ ತಂತಿ ಕಿತ್ತು, ವೈಫೈ ಆರಿಸಿ, ತಿಳಿದವರನ್ನು ಕರೆಸುವುದು ಸರಿಯಾದ ಕ್ರಮ.

ಹೈಸ್ಕೂಲು, ಪಿಯುಸಿ ಓದುವ ಮಕ್ಕಳಿರುವ ಮನೆಗೆ ಬೇರೆ ಕಂಪ್ಯೂಟರ್ ತಜ್ಞರು ಬೇಕಿಲ್ಲ, ಈ ಕೆಲಸಗಳು ಒಂದು ಭಾನುವಾರದ ಮಟ್ಟಿಗಿನವು. ಅಪ್ಪ ಅಮ್ಮ ಲೆಕ್ಕ ಎಲ್ಲಿದೆ ಎಂದು ತೋರಿಸಲಿ, ನೀವು ನಕಲು ಮಾಡಿ, ಡಿಸ್ಕಿನ ಮೇಲೆ ತಾರೀಕು ಬರೆದು ಬೀರುವಿನಲ್ಲಿಡಿ. ಮುಂದಿನ ಭಾನುವಾರ ಆ ತಾರೀಕನ್ನು ಬದಲಿಸಲು ಮರೆಯಬೇಡಿ.