ಮಗಳ ಹೆಸರಿನ ಹೊಲಕ್ಕೆ ಅಪ್ಪನ ಸಹಿ ಸಾಕಾ?

ಕಳೆದ ಭಾನುವಾರ ಹೈದರಾಬಾದ್‌ನಿಂದ ಅಣ್ಣನ ಫೋನ್. "ಔರಾದ್ ಹೊಲಕ್ಕ ಗಿರಾಕಿ ಸಿಕ್ಕಾನ. ಮಾರಿ ಬೀದರ್‌ನಾಗ ಪ್ಲಾಟ್ ತಗೋತೀನಿ. ಸಹಿ ನಾನೇ ಮಾಡ್ತೀನಿ, ಅಪ್ಪ ಅಲ್ಲೇನು?"

ಆ ಎರಡು ಎಕರೆ ಭಾಲ್ಕಿಯಲ್ಲಿರುವ ನಮ್ಮ ಅಪ್ಪಾಜಿ ಸ್ವಂತ ದುಡಿಮೆಯಿಂದ ಕೊಂಡದ್ದು. ದಾನಪತ್ರ ಮಾಡಿ ಮೊಮ್ಮಗಳ ಹೆಸರಿಗೆ ಬರೆದಿದ್ದಾರೆ. ಅವಳಿಗೀಗ 11 ವರ್ಷ. ಪತ್ರದಲ್ಲಿ ಅಣ್ಣ ಬರೀ ಪೋಷಕ. ಅಂದ್ರೆ ಕಾಯುವವನು, ಮಾಲೀಕನಲ್ಲ.

1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ 8ನೇ ಕಲಂ ಸ್ಪಷ್ಟವಾಗಿದೆ: ಅಪ್ಪನಾಗಲಿ ಅಮ್ಮನಾಗಲಿ, ಮಗುವಿನ ಸ್ಥಿರಾಸ್ತಿ ಮಾರಲು, ಅಡವಿಡಲು, ದಾನ ಕೊಡಲು ಕೋರ್ಟಿನ ಅನುಮತಿ ಮೊದಲೇ ಬೇಕು. 5 ವರ್ಷ ಮೀರಿದ ಲೀಸಿಗೂ ಬೇಕು. (ಒಟ್ಟು ಕುಟುಂಬದ ಪಾಲಾಗದ ಆಸ್ತಿಯ ಲೆಕ್ಕ ಬೇರೆ. ಬೇರೆ ಧರ್ಮದವರಿಗೆ ನಿಯಮವೂ ಬೇರೆ.)

"ಹಂಗಾದ್ರ ಇಲ್ಲೇ ಹೈದರಾಬಾದ್‌ನಾಗ ಅರ್ಜಿ ಹಾಕ್ತೀನಿ."

ಆಗಲ್ಲ ಅಣ್ಣಾ. ಮಗು ಯಾರ ಹತ್ತಿರ ಇರಬೇಕು ಅನ್ನೋ ತಕರಾರಿಗೆ ಮಗು ವಾಸಿಸುವ ಊರಿನ ಕೋರ್ಟು. ಹೊಲ ಮಾರುವ ಅನುಮತಿಗೆ ಮಾತ್ರ ಹೊಲ ಇರುವ ಜಾಗದ ಕೋರ್ಟು. ಔರಾದ್ ಹೊಲ ಅಂದ್ರೆ ಬೀದರ್ ಜಿಲ್ಲಾ ಕೋರ್ಟಿನ ವ್ಯಾಪ್ತಿ. ಆ ಅಧಿಕಾರ ಪಡೆದ ಕೆಳಗಿನ ಕೋರ್ಟೂ ನಡೆಯುತ್ತೆ. ಅರ್ಜಿಗೆ ಮುಂಚೆ ಅಲ್ಲಿನ ವಕೀಲರನ್ನು ಕೇಳಿ.

ಅನುಮತಿ ಇಲ್ಲದೆ ಮಾರಿದ್ರೆ? ದಾವಣಗೆರೆಯ ಶಾಮನೂರಿನಲ್ಲಿ ಒಬ್ಬ ಅಪ್ಪ 1971ರಲ್ಲಿ ಮಕ್ಕಳ ಹೆಸರಲ್ಲಿ ಕೊಂಡ ನಿವೇಶನಗಳನ್ನು ಹಾಗೇ ಮಾರಿದ್ದರು. ದೊಡ್ಡವರಾದ ಮಕ್ಕಳು ಅವನ್ನೇ ಬೇರೆಯವರಿಗೆ ಮಾರಿದರು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಮಾರಾಟವನ್ನೇ ಎತ್ತಿಹಿಡಿಯಿತು. ಅಪ್ಪ ಮಾಡಿದ್ದನ್ನು ತಳ್ಳಿಹಾಕಲು ದಾವೆಯೇ ಬೇಕಿಲ್ಲ, ಸ್ಪಷ್ಟ ನಡೆ ಸಾಕು ಎಂದಿತು. ಆದರೆ ಪ್ರಾಪ್ತ ವಯಸ್ಸಿಗೆ ಬಂದ 3 ವರ್ಷದೊಳಗೆ ಆಗಬೇಕು. ಅಂದ್ರೆ ನಮ್ಮ ಗಿರಾಕಿ ಇನ್ನೂ ಹತ್ತು ವರ್ಷ ಎದೆ ಹಿಡಿದುಕೊಂಡೇ ಕೂರಬೇಕು.

ಕೋರ್ಟು ಕೇಳುವ ಪ್ರಶ್ನೆ ಒಂದೇ: ಮಾರುವ ಅಗತ್ಯ ಇದೆಯಾ, ಇಲ್ಲಾ ಮಗುವಿಗೆ ಎದ್ದು ಕಾಣುವ ಲಾಭ ಇದೆಯಾ? ನಾನೂ ಅದನ್ನೇ ಕೇಳಿದೆ. "ಅಣ್ಣಾ, ಪ್ಲಾಟ್ ಯಾರ ಹೆಸರಿಗೆ?"

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. "ನನ್ನ ಹೆಸರಿಗೇ ಅಂದ್ಕೊಂಡಿದ್ದೆ..."

ಸಂಜೆ ಮತ್ತೆ ಫೋನ್ ಬಂತು. ಗಿರಾಕಿಗೆ ಸದ್ಯಕ್ಕೆ ಬೇಡ ಅಂದನಂತೆ. "ಅಪ್ಪಾಜಿ ಕೊಟ್ಟಿದ್ದು ಆಕಿಗಿ. ಮಾರಿದ್ರೂ ಆಕಿ ಹೆಸರಿಗೇ ಪ್ಲಾಟ್, ಕೋರ್ಟಿಗೆ ಹೇಳೇ ಮಾರ್ತೀನಿ."

ನಿಮ್ಮ ಮನೆ ಕಪಾಟಿನಲ್ಲೂ ಇಂಥ ದಾನಪತ್ರ ಇದ್ರೆ, ಅಡ್ವಾನ್ಸ್ ತಗೊಳ್ಳೋಕೆ ಮುಂಚೆ ಒಮ್ಮೆ ತೆಗೆದು ಓದಿ.